ಯಾರ ಕೂಗಿಗೂ ಸಿಗದ ಅರ್ಧ ಗಂಟೆ

ಪ್ರಶ್ನೆ: ನನಗೆ 41 ವರ್ಷ. ಕಚೇರಿಯಲ್ಲಿ ಹನ್ನೆರಡು ಜನರ ತಂಡದ ಹೊಣೆ ನನ್ನದು. ಮನೆಯಲ್ಲಿ ಪತಿ, ಹದಿಮೂರು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು, ನಡೆದಾಡಲು ಆಸರೆ ಬೇಕಾದ ನನ್ನ ತಂದೆ ಇದ್ದಾರೆ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ರಾತ್ರಿ ದೀಪ ಆರಿಸುವವರೆಗೆ ಯಾರಾದರೊಬ್ಬರು ನನ್ನನ್ನು ಕರೆಯುತ್ತಲೇ ಇರುತ್ತಾರೆ. ಯಾರೂ ಕೆಟ್ಟವರಲ್ಲ, ಯಾರ ಮೇಲೂ ನನಗೆ ದೂರಿಲ್ಲ. ಆದರೆ ಕೆಲವು ತಿಂಗಳಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಕಚೇರಿಯಿಂದ ಬಂದು ಕಾರು ನಿಲ್ಲಿಸಿದ ಮೇಲೆ ಇಳಿಯುವುದಿಲ್ಲ. ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಸುಮ್ಮನೆ ಕುಳಿತಿರುತ್ತೇನೆ. ಮನೆಯಲ್ಲಿ ವಾಹನ ದಟ್ಟಣೆಯ ನೆಪ ಹೇಳುತ್ತೇನೆ. ಹೋದ ವಾರ ನನ್ನ ಪತಿ ಕೆಳಗಿಳಿದು ಬಂದವರು ನೋಡಿಬಿಟ್ಟರು. ‘ನಮ್ಮಿಂದ ತಪ್ಪಿಸಿಕೊಳ್ಳುತ್ತಿದ್ದೀಯಾ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ವಿಚಿತ್ರವೆಂದರೆ, ಕಳೆದ ತಿಂಗಳು ಎಲ್ಲರೂ ಸಂಬಂಧಿಕರ ಮನೆಗೆ ಹೋಗಿ ನನಗೆ ಒಂದಿಡೀ ದಿನ ಒಬ್ಬಳೇ ಇರುವ ಅವಕಾಶ ಸಿಕ್ಕಿತ್ತು. ವರ್ಷಗಳಿಂದ ಬಯಸಿದ್ದ ದಿನ. ಅಂದು ಬೆಳಿಗ್ಗೆ ಮೊಬೈಲ್ ಹಿಡಿದವಳು ಸಂಜೆಯವರೆಗೂ ಕೆಳಗಿಡಲಿಲ್ಲ. ಕತ್ತಲಾಗುವ ಹೊತ್ತಿಗೆ ಅಳು ಬಂತು. ನನಗೆ ಏಕಾಂತ ಬೇಕೋ ಬೇಡವೋ? ನಾನು ಸ್ವಾರ್ಥಿಯೇ? ಇದು ಖಿನ್ನತೆಯ ಆರಂಭವೇ? ಎಲ್ಲರೂ ಹೇಳುವ ‘ಸಮತೋಲನ’ ನನ್ನಂಥವರಿಗೆ ಸಾಧ್ಯವೇ?

ಉತ್ತರ: ನಿಮ್ಮನ್ನು ಕಂಗೆಡಿಸಿರುವುದು ಕಾರಿನಲ್ಲಿ ಕಳೆಯುವ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚಾಗಿ ಆ ಖಾಲಿ ದಿನ ಎಂದು ನನಗೆ ಅನ್ನಿಸುತ್ತದೆ. ದಿನವೂ ಕದ್ದುಮುಚ್ಚಿ ಪಡೆಯುತ್ತಿದ್ದುದು ಒಂದಿಡೀ ದಿನ ಕೈಗೆ ಬಂದಾಗ ಅದನ್ನು ತಾಳಿಕೊಳ್ಳಲು ಆಗಲಿಲ್ಲ. ಆದ್ದರಿಂದ ನನ್ನಲ್ಲೇ ಏನೋ ಕೊರತೆಯಿದೆ ಎಂಬ ತೀರ್ಮಾನಕ್ಕೆ ನೀವು ಬಂದಂತಿದೆ. ಮನಃಶಾಸ್ತ್ರಜ್ಞೆಯಾಗಿ ಆಪ್ತಸಮಾಲೋಚನೆಯ ಕೋಣೆಯಲ್ಲಿ ಈ ಎರಡು ಮಾತುಗಳನ್ನು ಒಟ್ಟೊಟ್ಟಿಗೆ ಕೇಳುವುದು ನನಗೆ ಹೊಸದಲ್ಲ. ‘ಒಬ್ಬಳೇ ಇರಬೇಕು’ ಎನ್ನುವವರೇ ಮರುಮಾತಿನಲ್ಲಿ ‘ಒಬ್ಬಳೇ ಇರಲು ಆಗುವುದಿಲ್ಲ’ ಎನ್ನುತ್ತಾರೆ. ಎರಡೂ ಒಂದೇ ಬೇರಿನಿಂದ ಬಂದವು. ಆ ಬೇರು ಯಾವುದೆಂದು ತಿಳಿದರೆ ನಿಮ್ಮ ಪ್ರಶ್ನೆಗಳಲ್ಲಿ ಅರ್ಧದಷ್ಟು ಸಡಿಲವಾಗುತ್ತವೆ.

ಸ್ವಾರ್ಥಿಯೇ ಎಂಬುದಕ್ಕೆ ಈಗಲೇ ಉತ್ತರ ಹೇಳಿಬಿಡುತ್ತೇನೆ: ಅಲ್ಲ. ಖಿನ್ನತೆಯೇ ಎಂಬುದನ್ನು ಪತ್ರವೊಂದನ್ನು ಓದಿ ಯಾರೂ ನಿರ್ಧರಿಸಬಾರದು. ಯಾವ ಲಕ್ಷಣಗಳನ್ನು ಗಮನಿಸಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ. ದಯವಿಟ್ಟು ಆ ಭಾಗವನ್ನು ಹಾರಿಸಿ ಓದಬೇಡಿ.

ಮೊದಲು ದಣಿವಿನ ವಿಚಾರ. ನೀವು ಮಾಡುವ ಕೆಲಸಗಳ ಪಟ್ಟಿ ಉದ್ದವಾಗಿದೆ, ನಿಜ. ಆದರೆ ಪತ್ರದಲ್ಲಿ ನೀವು ಒತ್ತಿ ಹೇಳಿರುವುದು ಕೆಲಸವನ್ನಲ್ಲ, ‘ಯಾರಾದರೊಬ್ಬರು ಕರೆಯುತ್ತಲೇ ಇರುತ್ತಾರೆ’ ಎಂಬುದನ್ನು. ಅದೇ ಸರಿಯಾದ ಜಾಗ. ಯಾವ ಕ್ಷಣದಲ್ಲಾದರೂ ಕರೆ ಬರಬಹುದು, ಬಂದರೆ ಓಗೊಡಬೇಕು ಎಂಬ ಸ್ಥಿತಿಯಲ್ಲಿ ಇರುವವರ ಮೈ ಕುಳಿತಿದ್ದರೂ ವಿಶ್ರಮಿಸುವುದಿಲ್ಲ. ಸ್ನಾನಕ್ಕೆ ಹೋದಾಗ ನೀರಿನ ಸದ್ದಿನಲ್ಲಿ ಮಗು ಕರೆದಂತೆ ಕೇಳಿಸಿ ನಲ್ಲಿ ನಿಲ್ಲಿಸಿ ಆಲಿಸಿದ್ದು ನಿಮಗೆ ನೆನಪಿರಬಹುದು. ಕರೆದವರು ಯಾರೂ ಇರುವುದಿಲ್ಲ. ಕಿವಿ ಮಾತ್ರ ಕಾವಲಿಗೆ ನಿಂತಿರುತ್ತದೆ.

ಇದನ್ನು ಅಳೆದು ನೋಡಿದವರಿದ್ದಾರೆ. ಜರ್ಮನಿಯ ಯಾನ್ ಡೆಟ್ಮರ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 132 ನೌಕರರಿದ್ದರು. ಕೆಲಸದ ವೇಳೆ ಮುಗಿದ ಮೇಲೂ ಕರೆದರೆ ಸಿಗಬೇಕು ಎಂಬ ನಿಯಮವಿದ್ದ 4 ದಿನಗಳನ್ನೂ ಅಂಥ ನಿಯಮವಿಲ್ಲದ 4 ದಿನಗಳನ್ನೂ ಅವರು ಹೋಲಿಸಿದರು. ಸಿಗಬೇಕಾಗಿದ್ದ ದಿನದ ಮರುದಿನ ಬೆಳಿಗ್ಗೆ ಎದ್ದಾಗಲೇ ಮನಸ್ಸು ಕುಗ್ಗಿರುತ್ತಿತ್ತು. ಅವರಲ್ಲಿ ಕೆಲವರ ಕಾರ್ಟಿಸಾಲ್ ಎಂಬ, ಒತ್ತಡದ ಹೊತ್ತಿನಲ್ಲಿ ಏರುವ ಹಾರ್ಮೋನನ್ನೂ ಪರೀಕ್ಷಿಸಿದಾಗ ಬೆಳಗಿನ ಹೊತ್ತಿನ ಅದರ ಪ್ರಮಾಣದಲ್ಲೂ ವ್ಯತ್ಯಾಸ ಕಂಡಿತು. ಹೀಗೆ ಕರೆಗೆ ಕಾದಿರುವ ಗಂಟೆಗಳನ್ನು ಬಿಡುವಿನ ಗಂಟೆಗಳೆಂದು ಲೆಕ್ಕ ಹಾಕಲಾಗದು ಎಂಬುದು ಅವರ ತೀರ್ಮಾನ. ಅದು ಕಚೇರಿ ಕೆಲಸದ ಅಧ್ಯಯನ. ಮನೆಯ ಹೊಣೆಗೂ ಈ ಮಾತು ಹೊಂದುತ್ತದೆ ಎಂಬುದು ನನ್ನ ವೃತ್ತಿಯ ಅನುಭವ. ನಿಮಗಂತೂ ಎರಡೂ ಕಡೆ ಕಾವಲಿದೆ. ಕಚೇರಿ ಮುಗಿಯುವುದಕ್ಕೂ ಮನೆ ಶುರುವಾಗುವುದಕ್ಕೂ ನಡುವೆ ಯಾರ ಕೂಗಿಗೂ ಸಿಗದ ಒಂದೇ ಒಂದು ಜಾಗ ನಿಮಗೆ ಉಳಿದಿದೆ, ಅದು ನಿಂತ ಕಾರು. ಮೈ ತನಗೆ ಬೇಕಾದುದನ್ನು ತಾನೇ ಹುಡುಕಿಕೊಂಡಿದೆ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬರು ಸ್ನಾನದ ಕೋಣೆಯ ಚಿಲಕ ಹಾಕಿಕೊಂಡು, ಬಕೆಟ್ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ, ನೆಲದ ಮೇಲೆ ಬಟ್ಟೆ ತೊಟ್ಟೇ ಕುಳಿತಿರುತ್ತಿದ್ದರು. ನಲ್ಲಿಯ ಸದ್ದು ಇರುವವರೆಗೆ ಯಾರೂ ಬಾಗಿಲು ಬಡಿಯುವುದಿಲ್ಲ ಎಂಬುದು ಅವರು ಕಂಡುಕೊಂಡ ಉಪಾಯ. ನೀರು ವ್ಯರ್ಥವಾಗುತ್ತಿದೆ ಎಂಬ ನೋವು, ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಎರಡೂ ಸೇರಿ ಆ ಹತ್ತು ನಿಮಿಷದ ನಂತರ ಹೊರಗೆ ಬರುವಾಗ ಅವರು ಮೊದಲಿಗಿಂತ ಹೆಚ್ಚು ದಣಿದಿರುತ್ತಿದ್ದರು. ನಿಮ್ಮ ಕಾರಿನ ವಿಷಯದಲ್ಲೂ ನನಗೆ ಆತಂಕವಿರುವುದು ಇಲ್ಲಿಯೇ. ಕುಳಿತಿರುವುದು ತಪ್ಪಲ್ಲ. ಅದರ ಸುತ್ತ ಬೆಳೆದಿರುವ ಗುಟ್ಟು ಅದರ ಗುಣವನ್ನು ತಿಂದುಹಾಕುತ್ತಿದೆ. ಕದ್ದ ಹೊತ್ತಿನಲ್ಲಿ ಒಂದು ಕಿವಿ ಹೆಜ್ಜೆಯ ಸಪ್ಪಳಕ್ಕೆ ಕಾದೇ ಇರುತ್ತದೆ.

ಇನ್ನು ಆ ಖಾಲಿ ದಿನ. ಅಂದು ನಿಮ್ಮೊಳಗೆ ಏನೇನು ನಡೆದಿರಬಹುದು ಎಂದು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಲ್ಲಿ ಬಹಳ ಜನ ತಮ್ಮ ಮೇಲೆ ತಾವೇ ತಪ್ಪು ತೀರ್ಪು ಕೊಟ್ಟುಕೊಳ್ಳುತ್ತಾರೆ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಮನಸ್ಸು ಪೂರ್ತಿಯಾಗಿ ಜೊತೆಗೆ ಬರುವುದಿಲ್ಲ. ಅರ್ಧಕ್ಕೆ ಬಿಟ್ಟದ್ದರ ಒಂದು ಭಾಗ ತಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಸಂಶೋಧಕಿ ಸೋಫಿ ಲರ್ವಾ 2009ರಲ್ಲಿ ಇದನ್ನು ಗಮನದ ಶೇಷ ಎಂದು ಕರೆದು ಪ್ರಯೋಗಗಳಲ್ಲಿ ತೋರಿಸಿದರು. ನಿಮ್ಮ ಎಂದಿನ ದಿನದಲ್ಲಿ ಇಂಥ ತುಣುಕುಗಳು ಎಷ್ಟು ಉಳಿಯುತ್ತವೆ ಊಹಿಸಿ. ಮಗಳ ಶಾಲೆಗೆ ಉತ್ತರಿಸಬೇಕಾದ ಪತ್ರ, ತಂದೆಯವರ ಮಾತ್ರೆ, ತಂಡದಲ್ಲಿ ಯಾರೋ ಮುನಿಸಿಕೊಂಡದ್ದು. ಗದ್ದಲವಿರುವಾಗ ಇವುಗಳ ಸದ್ದು ಕೇಳಿಸುವುದಿಲ್ಲ. ಮನೆ ನಿಶ್ಶಬ್ದವಾದ ಕೂಡಲೇ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಏಕಾಂತದ ಮೊದಲ ಗಳಿಗೆಗಳು ಹಿತವಾಗಿರದೆ ಕಿರಿಕಿರಿ ಎನಿಸುವುದಕ್ಕೆ ಇದೊಂದು ದೊಡ್ಡ ಕಾರಣ.

ಜೊತೆಗೆ, ಏಕಾಂತ ಸಂತೋಷ ತರುತ್ತದೆ ಎಂಬ ನಿರೀಕ್ಷೆಯೂ ದಾರಿ ತಪ್ಪಿಸುತ್ತದೆ. ಥುಯಿ-ವಿ ನುಯೆನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರನ್ನು 15 ನಿಮಿಷ ಒಬ್ಬರೇ ಕೂರಿಸಿದಾಗ ಅವರ ಆತಂಕ, ಸಿಟ್ಟು ಇಳಿದವು. ಅದರ ಜೊತೆಯಲ್ಲೇ ಉತ್ಸಾಹ, ಹುರುಪು ಸಹ ಇಳಿದವು. ಏರಿದ್ದೆಲ್ಲ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ತಗ್ಗುತ್ತದೆ. ಹೊರಗಿನ ಓಟವನ್ನೇ ಜೀವಂತಿಕೆ ಎಂದು ಅಭ್ಯಾಸವಾದವರಿಗೆ ಈ ಇಳಿತ ಮಂಕು ಕವಿದಂತೆ ಅನ್ನಿಸಬಹುದು. ಏನೋ ಕೆಟ್ಟಿದೆ ಎಂದು ಗಾಬರಿಯಾಗಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ವಾಸ್ತವದಲ್ಲಿ ಏನೂ ಕೆಟ್ಟಿರುವುದಿಲ್ಲ, ಮೈ ತಣಿಯಲು ತೊಡಗಿರುತ್ತದೆ ಅಷ್ಟೆ.

ಸುಮ್ಮನೆ ಕೂರಲು ಆಗಲಿಲ್ಲವೆಂದು ನಾಚಿಕೆಪಡುವ ಕಾರಣವೂ ಇಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊತಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಖಾಲಿ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಗಳೊಂದಿಗೆ ಮಾತ್ರ ಕೂರಬೇಕು. ಬೇಕೆಂದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಆಘಾತ ಕೊಟ್ಟುಕೊಳ್ಳಬಹುದು. ಆ ಆಘಾತ ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲು ಹೇಳಿದ್ದವರಲ್ಲೇ, 18 ಗಂಡಸರ ಪೈಕಿ 12 ಮಂದಿ, 24 ಹೆಂಗಸರ ಪೈಕಿ 6 ಮಂದಿ ಗುಂಡಿ ಒತ್ತಿದರು. ಚಿಕ್ಕ ಪ್ರಯೋಗ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಕಿಲ್ಲ. ಆದರೆ ಬರಿಗೈಯಲ್ಲಿ ಒಬ್ಬರೇ ಕೂರುವುದು ಯಾರಿಗೂ ಹುಟ್ಟಿನಿಂದ ಸಲೀಸಾಗಿ ಬರುವುದಿಲ್ಲ ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ನೀವು ಗುಂಡಿಯ ಬದಲು ಮೊಬೈಲ್ ಒತ್ತಿದಿರಿ.

ಆ ಮೊಬೈಲ್ ಬಗ್ಗೆ ಒಂದು ಮಾತು. ಅದನ್ನು ಶತ್ರು ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅಂದು ನೀವು ಒಬ್ಬರೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಜನರ ಮಾತು, ಮುಖ, ಸಿಟ್ಟು, ಸಂಭ್ರಮ ನಿಮ್ಮ ಕೈಯಲ್ಲಿತ್ತು. ಮನೆ ಖಾಲಿಯಿತ್ತು, ತಲೆ ತುಂಬಿತ್ತು. ಜನರೊಂದಿಗಿನ ಬಿಸುಪೂ ಸಿಗಲಿಲ್ಲ, ಏಕಾಂತದ ತಂಪೂ ಸಿಗಲಿಲ್ಲ. ಸಂಜೆ ಬಂದ ಅಳು ಈ ಎರಡೂ ಕೈತಪ್ಪಿದ್ದರ ಅಳು ಆಗಿರಬಹುದು, ಬಹುದಿನದಿಂದ ತಡೆದಿದ್ದ ದಣಿವಿನ ಅಳುವೂ ಆಗಿರಬಹುದು. ಒಂದು ಸಲ ಅತ್ತದ್ದು ಕಾಯಿಲೆಯ ಗುರುತಲ್ಲ.

ಏಕಾಂತದ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳೂ ನಿಮ್ಮಂಥವರಿಗೆ ಹೊರೆಯಾಗಿವೆ. ಅಂತರ್ಮುಖಿಗಳಿಗೆ ಮಾತ್ರ ಅದು ಒಗ್ಗುತ್ತದೆ ಎನ್ನುತ್ತಾರೆ. ನುಯೆನ್, ನೆಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗೆ ಕಂಡುಬರಲಿಲ್ಲ. ತಮ್ಮ ಬದುಕಿನ ಆಯ್ಕೆಗಳು ತಮ್ಮವೇ ಎಂಬ ಭಾವವುಳ್ಳವರು, ಅವರು ಮಾತುಗಾರರಿರಲಿ ಮೌನಿಗಳಿರಲಿ, ಏಕಾಂತವನ್ನು ಇಷ್ಟಪಟ್ಟು ಆರಿಸಿಕೊಳ್ಳುತ್ತಿದ್ದರು. ಮನಸ್ಸನ್ನು ಖಾಲಿ ಮಾಡಬೇಕು ಎಂಬ ನಂಬಿಕೆಯಂತೂ ಜನರನ್ನು ವಿನಾಕಾರಣ ಸೋಲಿಸುತ್ತದೆ. ಹೊರಗಿನ ಕೆಲಸ ನಿಂತಾಗ ಮಿದುಳಿನ ಕೆಲವು ಭಾಗಗಳು ಇನ್ನಷ್ಟು ಚುರುಕಾಗುತ್ತವೆ ಎಂಬುದು 2001ರಿಂದ ಈಚೆಗೆ ನರವಿಜ್ಞಾನದಲ್ಲಿ ಗಟ್ಟಿಯಾಗಿ ನೆಲೆಯೂರಿದ ವಿಷಯ. ಹಳೆಯ ನೆನಪು, ನಾಳೆಯ ಚಿಂತೆ, ‘ಅವರು ಹಾಗೇಕೆ ಅಂದರು’ ಎಂಬ ವಿಚಾರ ಇವೆಲ್ಲ ಆಗಲೇ ಓಡಾಡುತ್ತವೆ. ಯೋಚನೆಗಳು ಬಂದವೆಂದರೆ ಏಕಾಂತ ಕೆಟ್ಟಿತೆಂದು ತಿಳಿಯಬೇಡಿ. ಅದರ ಕೆಲಸವೇ ಅದು.

ಸಮತೋಲನದ ಬಗ್ಗೆ ಇರುವ ನಂಬಿಕೆ ಇನ್ನೂ ಹಠಮಾರಿಯಾದದ್ದು. ದಿನವೊಂದನ್ನು ಕಚೇರಿಗಿಷ್ಟು, ಮನೆಗಿಷ್ಟು, ತನಗಿಷ್ಟು ಎಂದು ತೂಗಿ ಹಂಚಬಹುದು ಎಂದು ಜನ ತಿಳಿದಿದ್ದಾರೆ. ವೈನ್‌ಸ್ಟೈನ್ ಅವರ ತಂಡ 2023ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 178 ವಯಸ್ಕರು 21 ದಿನ ದಿನಚರಿ ಬರೆದರು. ಇಷ್ಟು ಗಂಟೆ ಒಬ್ಬರೇ, ಇಷ್ಟು ಗಂಟೆ ಜನರೊಂದಿಗೆ ಇದ್ದರೆ ಒಳ್ಳೆಯದು ಎಂಬ ಅಳತೆ ಅದರಲ್ಲಿ ಸಿಗಲಿಲ್ಲ. ಹೆಚ್ಚು ಹೊತ್ತು ಒಬ್ಬರೇ ಇದ್ದ ದಿನ ಒತ್ತಡ ಕಡಿಮೆಯಿತ್ತು, ತನ್ನಿಷ್ಟದಂತೆ ಇದ್ದೇನೆ ಎಂಬ ಭಾವ ಹೆಚ್ಚಿತ್ತು. ಅದೇ ದಿನ ಒಂಟಿತನವೂ ಹೆಚ್ಚಿತ್ತು. ಆದರೆ ತಾನೇ ಆರಿಸಿಕೊಂಡ ಏಕಾಂತವಾಗಿದ್ದರೆ ಆ ಒಂಟಿತನದ ಚುರುಕು ಕಡಿಮೆಯಾಗುತ್ತಿತ್ತು. ಗಂಟೆಗಳ ಲೆಕ್ಕಕ್ಕಿಂತ ಅದು ಯಾರ ಆಯ್ಕೆ ಎಂಬುದು ಮುಖ್ಯವಾಗುತ್ತದೆ. ಮನೆಯವರು ಹೊರಟುಹೋದದ್ದರಿಂದ ನಿಮಗೆ ಒದಗಿದ ಆ ದಿನ ನೀವು ಆರಿಸಿದ್ದಲ್ಲ, ತಾನಾಗಿ ಬಂದು ಮೇಲೆ ಬಿದ್ದದ್ದು. ಅದನ್ನು ಏನು ಮಾಡಬೇಕೆಂದು ತೋಚದಿದ್ದುದು ಸಹಜ.

ಹಾಗಾದರೆ ಮಾಡಬೇಕಾದುದೇನು? ನಾನು ಮೊದಲು ಹೇಳುವುದು: ಕಾರಿನಲ್ಲಿ ಕೂರುವುದನ್ನು ಬಿಡಬೇಡಿ, ಬಚ್ಚಿಡುವುದನ್ನು ಬಿಡಿ. ಪತಿಯವರೊಂದಿಗೆ ಕುಳಿತು ಮಾತಾಡಿ. ಸಂಜೆ ಬಾಗಿಲು ತೆರೆದ ಕೂಡಲೇ ಬೇಡ, ಇಬ್ಬರ ಹೊಟ್ಟೆಯೂ ತುಂಬಿರುವಾಗ, ಮಕ್ಕಳು ಮಲಗಿದ ಮೇಲೆ. ಅವರ ಪ್ರಶ್ನೆ ಸಿಟ್ಟಿನದಂತೆ ಕೇಳಿಸಿರಬಹುದು, ಆದರೆ ಅದರೊಳಗೆ ಭಯವಿದೆ. ತಮ್ಮ ಜೊತೆಗೆ ಬರಲು ನೀವು ಹಿಂಜರಿಯುತ್ತಿದ್ದೀರಿ ಎಂದು ಅವರಿಗೆ ಕಂಡಿದೆ. ಆದ್ದರಿಂದ ‘ನನಗೆ ನನ್ನದೇ ಸಮಯ ಬೇಕು’ ಎಂದು ಶುರುಮಾಡಿದರೆ ಅವರ ಭಯ ನಿಜವಾದಂತೆ ಆಗುತ್ತದೆ. ಬದಲಿಗೆ ಹೀಗೆ ಹೇಳಿ ನೋಡಿ: ‘ಕಚೇರಿಯ ತಲೆಯನ್ನೇ ಹೊತ್ತು ಒಳಗೆ ಬಂದರೆ ನಾನು ಮೊದಲ ಮಾತಿಗೇ ಸಿಡುಕುತ್ತೇನೆ. ಇಪ್ಪತ್ತು ನಿಮಿಷ ಕೂತು ಬಂದ ದಿನ ನಾನು ಬೇರೆಯೇ ಮನುಷ್ಯಳಾಗಿರುತ್ತೇನೆ. ಸುಳ್ಳು ಹೇಳಿದ್ದು ನನಗೇ ಬೇಸರವಾಗಿದೆ. ಇನ್ನು ಮೇಲೆ ಹೇಳಿಯೇ ಕೂರುತ್ತೇನೆ.’ ಇದರ ಜೊತೆಗೆ ಅವರಿಗೆ ಅಂಥ ಹೊತ್ತು ಯಾವಾಗ ಸಿಗುತ್ತದೆ ಎಂದೂ ಕೇಳಿ. ಬಹುಮಟ್ಟಿಗೆ ಅವರಿಗೂ ಅದು ಬೇಕಾಗಿರುತ್ತದೆ, ಕೇಳಿದವರಿರುವುದಿಲ್ಲ.

ಸಮಯ ನಿಗದಿಯಾಗಲಿ. ಇಪ್ಪತ್ತು ನಿಮಿಷವೆಂದರೆ ಇಪ್ಪತ್ತೇ ನಿಮಿಷ. ಮೊಬೈಲ್ ಚೀಲದೊಳಗೆ, ಚೀಲ ಹಿಂದಿನ ಆಸನದಲ್ಲಿ. ತಂದೆಯವರಿಗೆ ಏನಾದರೂ ಆದರೆ ಎಂಬ ಚಿಂತೆ ಇದ್ದೇ ಇರುತ್ತದೆ, ಅದಕ್ಕಾಗಿ ಪತಿಯ ಸಂಖ್ಯೆಯೊಂದಕ್ಕೆ ಮಾತ್ರ ರಿಂಗ್ ಆಗುವಂತೆ ಮಾಡಿಕೊಳ್ಳಿ. ಈ ಒಂದು ವ್ಯವಸ್ಥೆ ಇಲ್ಲದಿದ್ದರೆ ಕಿವಿ ಕಾವಲು ಬಿಡುವುದಿಲ್ಲ.

ಆ ಹೊತ್ತಿನಲ್ಲಿ ಏನಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಹೆದರಿಕೆಯಾಗದು. ಮೊದಲ ಎರಡು ಮೂರು ನಿಮಿಷ ಕೈ ತನ್ನಷ್ಟಕ್ಕೆ ಮೊಬೈಲ್ ಇರುತ್ತಿದ್ದ ಜಾಗಕ್ಕೆ ಹೋಗುತ್ತದೆ. ಆಮೇಲೆ ಮರೆತಿದ್ದ ಕೆಲಸಗಳು ಒಂದೊಂದಾಗಿ ನೆನಪಾಗುತ್ತವೆ. ಪಕ್ಕದಲ್ಲಿ ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ ಇರಲಿ. ನೆನಪಾದದ್ದನ್ನು ಒಂದೇ ಸಾಲಿನಲ್ಲಿ ಬರೆದು ಬಿಟ್ಟುಬಿಡಿ. ಮಲಗುವ ಮುನ್ನ ಐದು ನಿಮಿಷ ಮರುದಿನದ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಹೋದರು ಎಂದು 2018ರ ಒಂದು ಅಧ್ಯಯನ ತೋರಿಸಿದೆ. ಕಾಗದಕ್ಕೆ ಇಳಿಸಿದ್ದನ್ನು ಹಿಡಿದಿಟ್ಟುಕೊಳ್ಳುವ ತಾಪತ್ರಯ ತಲೆಗೆ ತಪ್ಪುತ್ತದೆ. ಪಟ್ಟಿ ಮುಗಿದ ಮೇಲೆ ಬರುವ ಬೇಸರವೇ ದಾಟಬೇಕಾದ ಹೊಳೆ. ಆ ಬೇಸರಕ್ಕೆ ಏನೂ ಮಾಡಬೇಡಿ. ಕಿಟಕಿಯಾಚೆ ನೋಡಿ, ಕಣ್ಣು ಮುಚ್ಚಿ, ನಿಮಗೆ ಹೇಗೆ ಹಿತವೋ ಹಾಗೆ. ಕೆಲವು ದಿನ ಏನೂ ಆಗದೆ ಸಮಯ ಮುಗಿಯುತ್ತದೆ. ಅಂಥ ದಿನವೂ ದಂಡವಲ್ಲ.

ಬೇರೆ ದಾರಿಗಳೂ ಇವೆ, ಒಂದೊಂದಕ್ಕೂ ಅದರದೇ ಅಪಾಯವಿದೆ. ಎಲ್ಲರಿಗಿಂತ ಮೊದಲು ಏಳುವುದು ಬಹಳ ಜನ ಕೊಡುವ ಸಲಹೆ. ನಸುಕಿನ ಮೌನ ಚೆನ್ನಾಗಿಯೇ ಇರುತ್ತದೆ. ಆದರೆ ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ರಾತ್ರಿ ಬೇಗ ಮಲಗಲಾಗದವರು ಬೆಳಿಗ್ಗೆ ಬೇಗ ಎದ್ದರೆ ಏಕಾಂತದ ಬೆಲೆಯನ್ನು ನಿದ್ದೆಯಿಂದ ತೆತ್ತಂತಾಗುತ್ತದೆ, ಕೆಲವೇ ವಾರಗಳಲ್ಲಿ ಸಿಡುಕು ದುಪ್ಪಟ್ಟಾಗುತ್ತದೆ. ನಿಮ್ಮ ದಿನಚರಿ ನೋಡಿದರೆ ಇದನ್ನು ನಾನು ಸೂಚಿಸಲಾರೆ. ಎಲ್ಲರೂ ಮಲಗಿದ ಮೇಲೆ ಎದ್ದು ಕೂರುವುದು ಅದಕ್ಕಿಂತ ಅಪಾಯ. ‘ಈ ಹೊತ್ತಾದರೂ ನನ್ನದು’ ಎಂಬ ಹಟದಲ್ಲಿ ಕಣ್ಣು ಎಳೆಯುತ್ತಿದ್ದರೂ ಪರದೆ ನೋಡುತ್ತ ಕೂತವರನ್ನು ನಾನು ಪದೇಪದೇ ಕಾಣುತ್ತೇನೆ. ದಿನವಿಡೀ ಸಿಗದ ಸ್ವಾತಂತ್ರ್ಯವನ್ನು ಮಧ್ಯರಾತ್ರಿ ವಸೂಲು ಮಾಡುವ ಈ ಅಭ್ಯಾಸ ಬಿಡಿಸುವುದು ಕಷ್ಟ, ಏಕೆಂದರೆ ಅದರ ಹಿಂದಿರುವ ಬೇಡಿಕೆ ನ್ಯಾಯವಾದದ್ದು. ಆ ಬೇಡಿಕೆ ಹಗಲಿನಲ್ಲಿ ಈಡೇರಿದರೆ ಮಾತ್ರ ರಾತ್ರಿಯ ಹಟ ಇಳಿಯುತ್ತದೆ.

ಒಬ್ಬರೇ ನಡೆಯುವುದು ನನಗೆ ಬಹಳ ಇಷ್ಟವಾದ ಉಪಾಯ, ಅದರಲ್ಲೂ ಕೂರಲು ಚಡಪಡಿಸುವವರಿಗೆ. ಕಾಲಿಗೆ ಕೆಲಸವಿದ್ದಾಗ ತಲೆಗೆ ಸುಮ್ಮನಿರುವುದು ಸುಲಭ. ಗ್ರೆಗರಿ ಬ್ರಾಟ್‌ಮನ್ ತಂಡದ 2015ರ ಅಧ್ಯಯನದಲ್ಲಿ ಮರಗಿಡಗಳ ನಡುವೆ 90 ನಿಮಿಷ ನಡೆದವರಲ್ಲಿ ಕೊರಗಿನ ಯೋಚನೆಗಳು ತಗ್ಗಿದವು. ವಾಹನಗಳ ರಸ್ತೆಯ ಬದಿ ನಡೆದವರಲ್ಲಿ ತಗ್ಗಲಿಲ್ಲ. ತೊಂಬತ್ತು ನಿಮಿಷ ನಿಮಗೆ ದಿನವೂ ಸಿಗದು, ವಾರಕ್ಕೊಮ್ಮೆ ಸಿಕ್ಕರೂ ಒಳ್ಳೆಯದು. ಇಯರ್‌ಫೋನ್ ಮನೆಯಲ್ಲಿರಲಿ.

ವಾರಕ್ಕೆ ಅರ್ಧ ದಿನ ಬಿಡುವು ಪಡೆಯುವುದಾದರೆ ಒಂದು ಎಚ್ಚರಿಕೆ. ಮನೆಯ ಹೊಣೆಯನ್ನು ಪತಿಗೆ ಒಪ್ಪಿಸುವಾಗ ಪೂರ್ತಿ ಒಪ್ಪಿಸಿ. ಯಾರಿಗೆ ಯಾವಾಗ ಏನು ಎಂದು ಪಟ್ಟಿ ಬರೆದಿಟ್ಟು, ಹೋದಲ್ಲಿಂದ ‘ಆಯಿತಾ?’ ಎಂದು ಕೇಳುತ್ತಿದ್ದರೆ ನೀವು ಮನೆ ಬಿಟ್ಟು ಹೊರಟೇ ಇಲ್ಲ. ನೀವು ಮಾಡುವಂತೆ ಅವರು ಮಾಡಲಾರರು, ಮಗು ಬೇರೆ ಅಂಗಿ ತೊಟ್ಟಿರುತ್ತದೆ, ಮಲಗುವುದು ಅರ್ಧ ಗಂಟೆ ತಡವಾಗಿರುತ್ತದೆ. ಅದನ್ನು ಕಂಡು ಬಾಯಿ ಬಿಗಿಹಿಡಿಯುವುದು ಹಲವರಿಗೆ ಮನೆಯಿಂದ ಹೊರಬೀಳುವುದಕ್ಕಿಂತ ಕಷ್ಟ. ತಂದೆಯವರ ಔಷಧ ಮತ್ತು ಬೀಳುವ ಅಪಾಯದ ವಿಷಯ ಮಾತ್ರ ಬೇರೆ, ಅದರಲ್ಲಿ ಪತಿಗೆ ಮೊದಲೇ ಸರಿಯಾಗಿ ತೋರಿಸಿಕೊಡಿ.

ಹಲವು ದಿನಗಳ ಮೌನ ಶಿಬಿರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಸ್ಥಿತಿಯಲ್ಲಿರುವವರಿಗೆ ಯಾರಾದರೂ ಅದನ್ನು ಸೂಚಿಸಿಯೇ ಸೂಚಿಸುತ್ತಾರೆ. ಹತ್ತು ನಿಮಿಷ ಕೂತು ರೂಢಿಯಿಲ್ಲದವರು ಹತ್ತು ದಿನದ ಮೌನಕ್ಕೆ ಹೋಗುವುದು ಸರಿಯಲ್ಲ. ತೀವ್ರ ಖಿನ್ನತೆ, ಹಳೆಯ ಆಘಾತ, ಬೈಪೋಲಾರ್ ಕಾಯಿಲೆ (ಮನಸ್ಸು ಅತಿಯಾಗಿ ಉಬ್ಬುವುದು, ಕುಗ್ಗುವುದು) ಅಥವಾ ಭ್ರಮೆಯ ಲಕ್ಷಣಗಳ ಇತಿಹಾಸ ಇರುವವರಲ್ಲಿ ಅಂಥ ದೀರ್ಘ ಮೌನ ರೋಗವನ್ನು ಕೆರಳಿಸಬಹುದು. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ ಹೋಗಬಾರದು.

ಮಕ್ಕಳಿಗೆ ಅನ್ಯಾಯವಾಗುತ್ತದೆಯೇ ಎಂಬ ಅಳುಕು ನಿಮ್ಮ ‘ಸ್ವಾರ್ಥಿಯೇ’ ಎಂಬ ಪ್ರಶ್ನೆಯ ಅಡಿಯಲ್ಲಿದೆ. ಮಕ್ಕಳ ತಜ್ಞ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1958ರಲ್ಲಿ ಬರೆದ ಒಂದು ವಿಚಾರ ಈ ವೃತ್ತಿಯಲ್ಲಿ ನಮಗೆ ಇಂದಿಗೂ ಬೆಳಕು. ಒಬ್ಬರೇ ಇರುವ ಶಕ್ತಿ ಮಗುವಿನಲ್ಲಿ ಬೆಳೆಯುವುದು ತಾಯಿಯೋ ಮತ್ತೊಬ್ಬ ಆತ್ಮೀಯರೋ ಹತ್ತಿರದಲ್ಲಿ ಇದ್ದೂ ಅದರ ಆಟದಲ್ಲಿ ತಲೆಹಾಕದೆ ಇದ್ದಾಗ. ಅಂದರೆ ನಿಮ್ಮ ಎಂಟು ವರ್ಷದ ಮಗು ನೆಲದ ಮೇಲೆ ಚಿತ್ರ ಬರೆಯುತ್ತಿರುವಾಗ ನೀವು ಪಕ್ಕದಲ್ಲಿ ನಿಮ್ಮದೇ ಪುಸ್ತಕ ಹಿಡಿದು ಮಾತಿಲ್ಲದೆ ಕುಳಿತರೆ ಇಬ್ಬರಿಗೂ ಲಾಭ. ಮನೆಯಲ್ಲಿ ದಿನಕ್ಕೆ ಇಂಥ ಅರ್ಧ ಗಂಟೆ, ಎಲ್ಲರೂ ಒಂದೇ ಕೋಣೆಯಲ್ಲಿ, ಯಾರೂ ಯಾರನ್ನೂ ಕರೆಯದೆ, ಇರಲು ಸಾಧ್ಯವಾದರೆ ಪ್ರಯತ್ನಿಸಿ. ಮೊದಲ ವಾರ ಮಗು ಎರಡು ನಿಮಿಷಕ್ಕೊಮ್ಮೆ ಕರೆಯುತ್ತದೆ. ನಗುತ್ತ ಗಡಿಯಾರ ತೋರಿಸಿ. ಹದಿಮೂರರ ಮಗಳು ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡರೆ ನಿಮಗೆ ಹೇಗನ್ನಿಸುತ್ತದೆ ಎಂದೂ ಗಮನಿಸಿ. ಅವಳಿಗೂ ಈ ಹಕ್ಕು ಬೇಕಾದ ವಯಸ್ಸು ಅದು.

ಈಗ ಹಾರಿಸಬೇಡಿ ಎಂದಿದ್ದ ಭಾಗ. ಒಬ್ಬರೇ ಕೂತಾಗ ಬರುವ ಯೋಚನೆ ಎಲ್ಲಿಗೋ ಸಾಗುತ್ತಿದೆಯೇ, ಒಂದೇ ಜಾಗದಲ್ಲಿ ಸುತ್ತುತ್ತಿದೆಯೇ ಎಂದು ನೋಡಿಕೊಳ್ಳಿ. ‘ನಾಳೆ ಅವರೊಂದಿಗೆ ಹೇಗೆ ಮಾತಾಡಲಿ’ ಎಂಬುದು ಸಾಗುವ ಯೋಚನೆ. ‘ನಾನೇಕೆ ಹೀಗೆ, ನನ್ನಿಂದ ಏನೂ ಆಗದು’ ಎಂಬುದು ಸುತ್ತುವ ಯೋಚನೆ. ಎರಡನೆಯದೇ ಹೆಚ್ಚಾಗಿದ್ದರೆ ಏಕಾಂತ ಅದಕ್ಕೆ ಇಂಧನವಾಗುತ್ತದೆ. ಆಗ ಒಬ್ಬರೇ ಕೂರುವುದನ್ನು ಕಡಿಮೆ ಮಾಡಿ, ನಡೆಯಿರಿ, ನಂಬಿಕೆಯವರೊಂದಿಗೆ ಮಾತಾಡಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಲು ತಡಮಾಡಬೇಡಿ. ಸಾವಿನ ಯೋಚನೆ ಬಂದರೆ ಅದೇ ದಿನ ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. ಹಾಗೆಯೇ ಥೈರಾಯ್ಡ್ ತೊಂದರೆ, ರಕ್ತಹೀನತೆ ಇವೂ ಇಂಥದ್ದೇ ದಣಿವು ತರುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ನಾನು ನನ್ನಲ್ಲಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತೇನೆ.

ಇನ್ನೊಂದು ಗುರುತೂ ಇದೆ. ಕಾರಿನಲ್ಲಿ ಕೂತು ಎದ್ದ ಮೇಲೆ ಮನೆಯೊಳಗೆ ಹೋಗಲು ಸ್ವಲ್ಪವಾದರೂ ಮನಸ್ಸಾಗುತ್ತದೆಯೇ? ಆಗುತ್ತದೆಂದರೆ ಆ ಹೊತ್ತು ತನ್ನ ಕೆಲಸ ಮಾಡುತ್ತಿದೆ. ಎಷ್ಟು ಹೊತ್ತು ಕೂತರೂ ಬಾಗಿಲು ಭಾರವಾಗಿಯೇ ಇದ್ದರೆ ಬಾಗಿಲಾಚೆ ಮಾತಾಡಬೇಕಾದ ವಿಷಯವೊಂದು ಉಳಿದಿದೆ. ಆಗ ಏಕಾಂತದ ನಿಮಿಷಗಳನ್ನು ಹೆಚ್ಚಿಸಿದರೆ ಆ ಮಾತು ಮುಂದಕ್ಕೆ ಹೋಗುತ್ತದೆಯೇ ಹೊರತು ಮುಗಿಯುವುದಿಲ್ಲ. ದಾಂಪತ್ಯದ ಆಪ್ತಸಮಾಲೋಚಕರೊಬ್ಬರ ಎದುರು ಇಬ್ಬರೂ ಕೂತು ಮಾತಾಡುವುದು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಯ ಪ್ರಶ್ನೆ, ನಿಮ್ಮಂಥವರಿಗೆ ಸಮತೋಲನ ಸಾಧ್ಯವೇ ಎಂಬುದು. ವಾರ, ತಿಂಗಳಿನ ಅಳತೆಯಲ್ಲಿ ನೋಡಿದರೆ ಸಾಧ್ಯ, ದಿನದ ಅಳತೆಯಲ್ಲಿ ಬಹುಪಾಲು ಜನರಿಗೆ ಅಸಾಧ್ಯ. ಆದರೆ ಒಂದು ಮಿತಿಯನ್ನು ಹೇಳಲೇಬೇಕು. ಇಬ್ಬರು ಮೂವರ ಕೆಲಸವನ್ನು ಒಬ್ಬರು ಹೊತ್ತಿದ್ದರೆ ದಿನಕ್ಕೆ ಇಪ್ಪತ್ತು ನಿಮಿಷದ ಮೌನ ಆ ಹೊರೆಯನ್ನು ಇಳಿಸುವುದಿಲ್ಲ. ಒಂದು ತಿಂಗಳು ಹೇಳಿಕೇಳಿ, ಗುಟ್ಟಿಲ್ಲದೆ ಈ ಹೊತ್ತನ್ನು ನಡೆಸಿ ನೋಡಿ. ಸಿಡುಕು ಕಡಿಮೆಯಾಗಿ ನಿದ್ದೆ ಸುಧಾರಿಸಿದರೆ ಮುಂದುವರಿಸಿ. ಏನೂ ಬದಲಾಗದಿದ್ದರೆ ಕೆಲಸದ ಪ್ರಮಾಣವೇ ಸಮಸ್ಯೆ ಎಂದು ತಿಳಿದು ಅತ್ತ ತಿರುಗಬೇಕು. ನಿಮ್ಮ ಪತ್ರ ನೋಡಿದರೆ ಶುರುಮಾಡಬೇಕಾದ ಜಾಗ ತಂದೆಯವರ ಆರೈಕೆ. ಅವರನ್ನು ಎಬ್ಬಿಸುವುದು, ಸ್ನಾನ, ಔಷಧ, ವೈದ್ಯರ ಭೇಟಿ, ರಾತ್ರಿ ಶೌಚಕ್ಕೆ ಕರೆದೊಯ್ಯುವುದು, ಹೀಗೆ ವಾರವಿಡೀ ಯಾವ ಕೆಲಸ ಯಾರ ಪಾಲಿಗೆ ಬೀಳುತ್ತಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಪತಿಯ ಮುಂದೆ, ಒಡಹುಟ್ಟಿದವರಿದ್ದರೆ ಅವರ ಮುಂದೆ, ಮತ್ತು ತಂದೆಯವರ ಮುಂದೆಯೂ ಇಡಿ. ಯಾವುದನ್ನು ಬೇರೆಯವರು ವಹಿಸಿಕೊಳ್ಳಬಹುದು, ಯಾವುದಕ್ಕೆ ಸಂಬಳ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಅಲ್ಲಿಯೇ ಕುಳಿತು ತೀರ್ಮಾನಿಸಿ.